ಅಂಗೈಯ ಸೈನಿಕ, ಮೇಜಿನ ರಣರಂಗ

ಹೆಬ್ಬೆರಳಿನ ಮೇಲ್ಗೆಣ್ಣಿನಷ್ಟೇ ಎತ್ತರವಿರುವ ಲೋಹದ ಅಥವಾ ಪ್ಲಾಸ್ಟಿಕ್ಕಿನ ಸೈನಿಕರಿಗೆ ಒಬ್ಬೊಬ್ಬರಿಗೂ ಕೈಯಿಂದ ಬಣ್ಣ ಹಚ್ಚಿ, ಗುಡ್ಡ, ಹೊಳೆ, ಬೇಲಿ, ಮನೆಗಳ ಮಾದರಿಗಳನ್ನು ಜೋಡಿಸಿದ ದೊಡ್ಡ ಮೇಜಿನ ಮೇಲೆ ಅವರನ್ನು ದಳಗಳಾಗಿ ನಿಲ್ಲಿಸಿ, ಅಳತೆಯ ಟೇಪು, ದಾಳ ಮತ್ತು ಅಚ್ಚಾದ ನಿಯಮಾವಳಿಯ ನೆರವಿನಿಂದ ಒಂದು ಕದನವನ್ನು ಆಡುವ ಹವ್ಯಾಸಕ್ಕೆ ಮಿನಿಯೇಚರ್ ವಾರ್‌ಗೇಮಿಂಗ್ ಎಂದು ಹೆಸರು. ಯುರೋಪು ಮತ್ತು ಅಮೆರಿಕಗಳಲ್ಲಿ ಬೇರೂರಿರುವ ಈ ಹವ್ಯಾಸವನ್ನು ದೂರದಿಂದ ನೋಡಿದವರು ದೊಡ್ಡವರ ಮಕ್ಕಳಾಟವೆಂದೋ ಯುದ್ಧದ ಮೇಲಿನ ಮೋಹವೆಂದೋ ತಿಳಿಯುವುದು ಸಹಜವಾದರೂ, ಅದರ ಇತಿಹಾಸವನ್ನೂ ಕೆಲಸದ ಬಗೆಯನ್ನೂ ಹತ್ತಿರದಿಂದ ಪರಿಶೀಲಿಸಿದಾಗ ಬೇರೆಯೇ ಚಿತ್ರ ಕಾಣುತ್ತದೆ. ರಣರಂಗದಲ್ಲಿ ನಿಂತ ದಳಪತಿಗೆ ಎಷ್ಟು ಕಡಿಮೆ ತಿಳಿದಿರುತ್ತದೆ ಎಂಬುದನ್ನು ಆಟದ ಭಾಗ ಮನವರಿಕೆ ಮಾಡಿಕೊಡುತ್ತದೆ. ಇತಿಹಾಸದ ಪುಸ್ತಕಗಳಲ್ಲಿ ಬರೀ ಸಂಖ್ಯೆಯಾಗಿ ಉಳಿದ ಸೈನಿಕನಿಗೆ ಮುಖ, ಅಂಗಿ, ಗುಂಡಿ, ಜೋಳಿಗೆಗಳು ಇದ್ದವೆಂಬುದನ್ನು ಬಣ್ಣದ ಭಾಗ ನೆನಪಿಸುತ್ತದೆ. ಸ್ವಭಾವದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಶಿಸ್ತುಗಳು ಒಂದೇ ಮೇಜಿನ ಮೇಲೆ ಕೂಡಿಕೊಂಡಿರುವುದರಲ್ಲಿಯೇ ಈ ಹವ್ಯಾಸದ ಸತ್ವವಿದೆ.

ಆಟದ ಮೂಲವನ್ನು ಹುಡುಕುತ್ತ ಹೋದರೆ ದಾರಿ ಭಾರತಕ್ಕೇ ಬಂದು ಮುಟ್ಟುತ್ತದೆ. ಆನೆ, ಕುದುರೆ, ರಥ, ಕಾಲಾಳುಗಳೆಂಬ ಸೇನೆಯ ನಾಲ್ಕು ಅಂಗಗಳನ್ನು ಚೌಕಗಳ ಮೇಲೆ ನಡೆಸುವ ಚತುರಂಗವು ಪರ್ಷಿಯಾ ಮತ್ತು ಅರಬ್ ದೇಶಗಳ ಮೂಲಕ ಯುರೋಪನ್ನು ತಲುಪಿ ಚೆಸ್ ಆಯಿತು; ಆ ಚೆಸ್ಸನ್ನೇ ತಳಹದಿಯಾಗಿ ಇಟ್ಟುಕೊಂಡು ಜರ್ಮನಿಯ ಬ್ರೌನ್‌ಶ್ವೈಗ್ ಸಂಸ್ಥಾನದ ಯೋಹಾನ್ ಕ್ರಿಸ್ಟಿಯಾನ್ ಲುಡ್ವಿಗ್ ಹೆಲ್‌ವಿಗ್ ಎಂಬ ವಿದ್ವಾಂಸ 1780ರಲ್ಲಿ 1,617 ಚೌಕಗಳ ಒಂದು ಹಾಸನ್ನು ರಚಿಸಿ, ಗುಡ್ಡ, ಜೌಗು, ನೀರುಗಳಿಗೆ ಬೇರೆಬೇರೆ ಬಣ್ಣ ಕೊಟ್ಟು, ಕಾಲಾಳು, ಕುದುರೆ ಸವಾರ, ಫಿರಂಗಿಗಳಿಗೆ ತಕ್ಕ ನಡೆಗಳನ್ನು ನಿಗದಿಪಡಿಸಿದ. ಆದರೆ ನಿಜವಾದ ನೆಲ ಚೌಕಗಳಲ್ಲಿ ಹಂಚಿಹೋಗಿರುವುದಿಲ್ಲ, ನಿಜವಾದ ದಳಪತಿಗೆ ಎದುರಾಳಿಯ ಕಾಯಿಗಳೆಲ್ಲ ಕಣ್ಣೆದುರು ಇರುವುದಿಲ್ಲ, ಕುದುರೆಯು ಕಾಲಾಳಿನ ಮೇಲೆ ಬಿದ್ದಾಗ ಕಾಲಾಳು ಸಾಯಲೇಬೇಕೆಂಬ ನಿಯಮವೂ ಇಲ್ಲ. ಚೆಸ್ಸಿನಿಂದ ಬಂದ ಈ ಮೂರು ಕಟ್ಟುಗಳನ್ನು ಬಿಡಿಸಿಕೊಂಡವರು ಪ್ರಷ್ಯಾದ ರೈಸ್‌ವಿಟ್ಸ್ ಮನೆತನದ ತಂದೆ ಮತ್ತು ಮಗ.

ತಂದೆ ಗಿಯೋರ್ಗ್ ಲಿಯೋಪೋಲ್ಡ್ ಫಾನ್ ರೈಸ್‌ವಿಟ್ಸ್ 1812ರಲ್ಲಿ ಪ್ರಷ್ಯಾದ ದೊರೆ ಮೂರನೆಯ ಫ್ರೀಡ್ರಿಕ್ ವಿಲ್‌ಹೆಲ್ಮನಿಗೆ ಒಪ್ಪಿಸಿದ ಮೇಜಿನಲ್ಲಿ ಚೌಕಗಳ ಗೆರೆಗಳಿರಲಿಲ್ಲ. ಏರುತಗ್ಗುಗಳನ್ನು ತೋರಿಸುವ ಬಿಡಿ ತುಣುಕುಗಳನ್ನು ಬೇಕಾದಂತೆ ಜೋಡಿಸಿ ಹೊಸ ಹೊಸ ನೆಲವನ್ನು ಕಟ್ಟಿಕೊಳ್ಳಬಹುದಾಗಿತ್ತು, ದಳಗಳು ಅಳತೆಗೋಲಿನ ಲೆಕ್ಕದಲ್ಲಿ ಯಾವ ದಿಕ್ಕಿಗೆ ಬೇಕಾದರೂ ಚಲಿಸಬಹುದಾಗಿತ್ತು. ಬರ್ಲಿನ್ನಿನ ಶಾರ್ಲಾಟೆನ್‌ಬುರ್ಗ್ ಅರಮನೆಯಲ್ಲಿ ಆ ಮೇಜು ಇಂದಿಗೂ ಇದೆ. ಫಿರಂಗಿ ದಳದ ಅಧಿಕಾರಿಯಾಗಿದ್ದ ಮಗ 1824ರಲ್ಲಿ ಪ್ರಕಟಿಸಿದ ನಿಯಮಾವಳಿಯಾದರೋ ಮೇಜನ್ನೂ ಬಿಟ್ಟು, ಸೇನೆಯವರೇ ಬಳಸುವ 1:8000 ಪ್ರಮಾಣದ ನಕಾಶೆಯ ಮೇಲೆ ಕೆಂಪು ಮತ್ತು ನೀಲಿ ಬಣ್ಣದ ಪುಟ್ಟ ಕಾಯಿಗಳನ್ನು ಇಟ್ಟು ಆಡುವ ಕ್ರೀಗ್ಸ್‌ಪೀಲ್ ಎಂಬ ಆಟವನ್ನು ಮುಂದಿಟ್ಟಿತು. ಪ್ರತಿ ಸರದಿಯೂ ನಿಜವಾದ ಕದನದ ಎರಡು ನಿಮಿಷಗಳಿಗೆ ಸಮ. ಆ ಎರಡು ನಿಮಿಷದಲ್ಲಿ ಕಾಲಾಳು ಎಷ್ಟು ದೂರ ನಡೆಯಬಲ್ಲ, ಫಿರಂಗಿಯ ಗುಂಡು ಎಷ್ಟು ಜನರನ್ನು ಕೆಡವಬಲ್ಲದು ಎಂಬುದಕ್ಕೆ ಸೇನೆಯ ಅನುಭವದಿಂದಲೂ ಗುಂಡಿನ ಪರೀಕ್ಷೆಗಳಿಂದಲೂ ಪಡೆದ ಕೋಷ್ಟಕಗಳಿದ್ದವು. ಒಂದೇ ಅಂತರದಿಂದ ಹಾರಿಸಿದ ಗುಂಡು ಒಮ್ಮೆ ಗುರಿ ಮುಟ್ಟಿ ಇನ್ನೊಮ್ಮೆ ತಪ್ಪುವುದರಿಂದ ಫಲವನ್ನು ದಾಳವೇ ತೀರ್ಮಾನಿಸುತ್ತಿತ್ತು.

ಈ ಆಟದ ಅತ್ಯಂತ ಮಹತ್ವದ ಹೊಸತನವೆಂದರೆ ಅಂಪೈರ್. ಎರಡೂ ಪಕ್ಷದವರು ತಮ್ಮ ಆಜ್ಞೆಗಳನ್ನು ಬರೆದು ಅವನಿಗೆ ಒಪ್ಪಿಸಬೇಕು. ಎಲ್ಲವನ್ನೂ ಬಲ್ಲವನು ಅವನೊಬ್ಬನೇ. ಒಂದು ದಳ ಎದುರಾಳಿಯ ಕಣ್ಣಿಗೆ ಬೀಳುವಷ್ಟು ಹತ್ತಿರ ಬಂದಾಗ ಮಾತ್ರ ಅದರ ಕಾಯಿಯನ್ನು ಅವನು ನಕಾಶೆಯ ಮೇಲೆ ಇಡುತ್ತಿದ್ದ. ಆಡುವವನು ತನಗೆ ಕಾಣದುದನ್ನು ಊಹಿಸಿಕೊಂಡೇ ತೀರ್ಮಾನಕ್ಕೆ ಬರಬೇಕಾದ ಈ ಏರ್ಪಾಡು ಯುದ್ಧದ ಬಗ್ಗೆ ಬರೆದ ಎಷ್ಟೋ ಗ್ರಂಥಗಳಿಗಿಂತ ನೇರವಾಗಿ ಯುದ್ಧದ ಸ್ವಭಾವವನ್ನು ಹಿಡಿದಿತ್ತು ಎಂದರೆ ತಪ್ಪಾಗದು. ಪ್ರಷ್ಯಾದ ಸೇನಾ ಮುಖ್ಯಸ್ಥ ಜನರಲ್ ಮ್ಯುಫ್ಲಿಂಗ್ ಮೊದಲು ಉದಾಸೀನನಾಗಿ ಕುಳಿತು, ಆಟ ಮುಂದುವರಿದಂತೆ ಇದು ಸೈನ್ಯಕ್ಕೆ ತಕ್ಕ ಶಿಕ್ಷಣವೆಂದು ಮನಗಂಡು ಶಿಫಾರಸು ಮಾಡಿದನಾದರೂ, ಆಟವನ್ನು ರಚಿಸಿದ ಯುವಕನಿಗೆ ಅದರಿಂದ ನೆಮ್ಮದಿ ದೊರೆಯಲಿಲ್ಲ. ಅವನು 1827ರಲ್ಲಿ ಆತ್ಮಹತ್ಯೆ ಮಾಡಿಕೊಂಡ. 1870–71ರಲ್ಲಿ ಪ್ರಷ್ಯಾ ಫ್ರಾನ್ಸನ್ನು ಸೋಲಿಸಿದ ಮೇಲೆ ಉಳಿದ ದೇಶಗಳ ಸೇನೆಗಳೂ ಈ ಆಟದ ಕಡೆ ಕಣ್ಣು ಹಾಯಿಸಿದವು.

ಬರ್ಲಿನ್ನಿನಲ್ಲಿ ಹೀಗೆ ಚೆಸ್ಸಿನ ಚೌಕಗಳನ್ನು ಅಳಿಸಿಹಾಕುತ್ತಿದ್ದ ದಶಕಗಳಲ್ಲಿಯೇ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚೌಕಗಳೊಳಗಿನ ಸಾಧ್ಯತೆಗಳನ್ನು ಕೊನೆಯವರೆಗೂ ಹುಡುಕುವುದರಲ್ಲಿ ತೊಡಗಿದ್ದರು ಎಂಬುದನ್ನು ಇಲ್ಲಿ ಸ್ಮರಿಸಬಹುದು. ಚದುರಂಗದ ಕುದುರೆಯನ್ನು ಪ್ರತಿ ಮನೆಗೂ ಒಮ್ಮೆ ಮಾತ್ರ ಮುಟ್ಟುವಂತೆ ಹಾಸಿನ ತುಂಬ ನಡೆಸುವ ಸಮಸ್ಯೆಗೆ ಪರಿಹಾರಗಳನ್ನು ರಚಿಸಿದ ಅವರು, ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟರು. ಚತುರಂಗವೆಂಬ ಒಂದೇ ಬೇರಿನಿಂದ ಒಡೆದ ಎರಡು ಕೊಂಬೆಗಳು ಹೀಗೆ ಒಂದೇ ಕಾಲದಲ್ಲಿ ಎರಡು ದಿಕ್ಕಿಗೆ ಬೆಳೆಯುತ್ತಿದ್ದವು.

ಆಟದ ಕಥೆ ಇದಾದರೆ ಬೊಂಬೆ ಸೈನಿಕರದು ಬೇರೊಂದು ಕಥೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ನ್ಯೂರೆಂಬರ್ಗ್ ನಗರದ ತವರದ ಕೆಲಸಗಾರರು, ಅವರಲ್ಲಿ ಮುಖ್ಯವಾಗಿ ಹಿಲ್‌ಪರ್ಟ್ ಮನೆತನದವರು, ಕಲ್ಲಿನ ಅಚ್ಚುಗಳಲ್ಲಿ ತವರವನ್ನು ಎರಕ ಹೊಯ್ದು ರೇಕಿನಂತೆ ಚಪ್ಪಟೆಯಾದ ಸೈನಿಕರನ್ನು ಮಾಡತೊಡಗಿದರು. ಜರ್ಮನಿಯ ಕುಲ್ಮ್‌ಬಾಖ್ ಊರಿನ ಪ್ಲಾಸೆನ್‌ಬುರ್ಗ್ ಕೋಟೆಯಲ್ಲಿರುವ ತವರದ ಬೊಂಬೆಗಳ ಸಂಗ್ರಹಾಲಯದಲ್ಲಿ ಇಂಥ ಸುಮಾರು 3 ಲಕ್ಷ ಬೊಂಬೆಗಳಿವೆ. ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆ 1893ರಲ್ಲಿ ಪೊಳ್ಳು ಎರಕದ ವಿಧಾನವನ್ನು ಕಂಡುಕೊಂಡ ಮೇಲೆ ಈ ಉದ್ಯಮದ ಲೆಕ್ಕವೇ ಬದಲಾಯಿತು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಅಲುಗಿಸಿದೊಡನೆ ಅಚ್ಚಿನ ಗೋಡೆಗೆ ತಾಗಿದ ಪದರ ಗಟ್ಟಿಯಾಗುತ್ತದೆ. ಒಳಗೆ ಇನ್ನೂ ದ್ರವವಾಗಿರುವ ಲೋಹವನ್ನು ಕೂಡಲೇ ಹೊರಗೆ ಸುರಿದರೆ ಹೊರಗಿನಿಂದ ತುಂಬು ಮೈಯ, ಒಳಗೆ ಪೊಳ್ಳಾದ ಬೊಂಬೆ ಉಳಿಯುತ್ತದೆ. ಲೋಹ ಉಳಿದಷ್ಟೂ ಬೆಲೆ ಇಳಿದು, 54 ಮಿಲಿಮೀಟರ್ ಎತ್ತರದ ಈ ಸೈನಿಕರು ಸಾಮಾನ್ಯ ಬ್ರಿಟಿಷ್ ಮನೆಗಳ ಮಕ್ಕಳ ಕೈಗೂ ಎಟುಕಿದರು.

ಆ ಬೊಂಬೆಗಳಿಗೆ ಆಟದ ನಿಯಮಗಳನ್ನು ಕೂಡಿಸಿದವನು ಕಾದಂಬರಿಕಾರ ಎಚ್. ಜಿ. ವೆಲ್ಸ್. ಅವನಿಗಿಂತ ಮೊದಲೇ ರಾಬರ್ಟ್ ಲೂಯಿ ಸ್ಟೀವನ್‌ಸನ್ ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ಕ್ಷಯದ ಚಿಕಿತ್ಸೆಗೆಂದು ತಂಗಿದ್ದಾಗ ಮಲಮಗನೊಂದಿಗೆ ನೆಲದ ಮೇಲೆ ಇಂಥ ದಂಡಯಾತ್ರೆಗಳನ್ನು ಆಡಿದ್ದನಾದರೂ, ಸಾರ್ವಜನಿಕರ ಕೈಗೆ ಸರಳ ನಿಯಮಗಳನ್ನು ಕೊಟ್ಟದ್ದು ವೆಲ್ಸ್ 1913ರಲ್ಲಿ ಪ್ರಕಟಿಸಿದ ‘ಲಿಟ್ಲ್ ವಾರ್ಸ್’ ಎಂಬ ಪುಟ್ಟ ಪುಸ್ತಕ. ಸ್ಪ್ರಿಂಗಿನ ಬಲದಿಂದ ಮರದ ಚಿಕ್ಕ ತುಂಡನ್ನು ಹಾರಿಸುವ ಆಟಿಕೆಯ ಫಿರಂಗಿಯೇ ಅವನ ಆಟದ ಕೇಂದ್ರ. ಅದರ ಸಮೀಪ ತನ್ನ ಪಕ್ಷದ ನಾಲ್ವರಾದರೂ ಸೈನಿಕರಿದ್ದರೆ ಮಾತ್ರ ಅದು ಗುಂಡು ಹಾರಿಸಬಹುದು. ಕಾಲಾಳು ಒಂದು ಸರದಿಗೆ ಒಂದು ಅಡಿ, ಕುದುರೆ ಸವಾರ ಎರಡು ಅಡಿ ಚಲಿಸಬಹುದು. ಶಾಂತಿಯ ಪರವಾಗಿದ್ದ ವೆಲ್ಸ್ ಪುಸ್ತಕದ ಕೊನೆಯಲ್ಲಿ ಮಾಡುವ ವಾದ ಗಮನಾರ್ಹವಾದುದು. ನೆಲದ ಮೇಲಿನ ಈ ಚಿಕ್ಕ ಯುದ್ಧದಲ್ಲಿಯೇ ಇಷ್ಟೊಂದು ಗೊಂದಲ, ಪ್ರಮಾದಗಳು ಆಗುವುದಾದರೆ ಮಹಾಯುದ್ಧವೊಂದು ಎಷ್ಟು ಘೋರವಾದ ಪ್ರಮಾದವಾಗಬಲ್ಲದು ಎಂಬುದನ್ನು ಯೋಚಿಸುವಂತೆ ಅವನು ಓದುಗರನ್ನೂ ಸೇನಾಧಿಕಾರಿಗಳನ್ನೂ ಕೇಳಿಕೊಂಡ. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಥದೇ ನೆಲದ ಮೇಲಿನ ಆಟವೊಂದು ಸಾವಿರಾರು ಜೀವಗಳ ಪ್ರಶ್ನೆಯಾಯಿತು. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದ 1942ರಲ್ಲಿ, ಲಿವರ್‌ಪೂಲ್ ನಗರದಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಧಿಕಾರಿ, ನೌಕಾಪಡೆಯ ಮಹಿಳಾ ವಿಭಾಗದ ತರುಣಿಯರ ಒಂದು ತಂಡವನ್ನು ಕಟ್ಟಿಕೊಂಡು, ಹಾಸುನೆಲದ ಮೇಲೆ ಸೀಮೆಸುಣ್ಣದ ಗೆರೆಗಳಿಂದ ಹಡಗುಗಳ ಚಲನೆಯನ್ನು ಗುರುತಿಸುತ್ತ ಕದನಗಳನ್ನು ಆಡಿಸಿದ. ಬೆಂಗಾವಲು ಹಡಗಿನ ಅಧಿಕಾರಿಗಳು ಪರದೆಯ ಹಿಂದೆ ನಿಂತು, ಸಮುದ್ರದ ಮೇಲೆ ತಮಗೆ ಎಷ್ಟು ಕಾಣಬಹುದೋ ಅಷ್ಟನ್ನೇ ಕಿಂಡಿಯ ಮೂಲಕ ನೋಡಿ ಆಜ್ಞೆ ಕೊಡಬೇಕಾಗಿತ್ತು. ಶತ್ರುವಿನ ಜಲಾಂತರ್ಗಾಮಿ ಬೆಂಗಾವಲಿನ ಹೊರಗಡೆ ಇರದೆ ಸರಕು ಹಡಗುಗಳ ಸಾಲುಗಳ ಒಳಗೇ ನುಸುಳಿ ದಾಳಿ ಮಾಡುತ್ತಿರಬೇಕೆಂಬ ಊಹೆ ಆ ಆಟಗಳಲ್ಲಿ ಖಚಿತವಾಗಿ, ಅದಕ್ಕೆ ತಕ್ಕ ಹೊಸ ತಂತ್ರಗಳನ್ನು ನೌಕಾಪಡೆ ಬಳಕೆಗೆ ತಂದಿತು. ಕಡಲ ಕದನವನ್ನೇ ಕಾಣದ ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು ಅನುಭವಿ ಕಪ್ತಾನರಿಗೆ ಕದನದ ಪಾಠ ಹೇಳಿದ ಈ ಪ್ರಸಂಗಕ್ಕೆ ಯುದ್ಧದ ಇತಿಹಾಸಗಳಲ್ಲಿ ಇನ್ನೂ ದೊಡ್ಡ ಜಾಗ ಸಿಗಬೇಕಾಗಿತ್ತು.

ಯುದ್ಧಾನಂತರದ ಬ್ರಿಟನ್ನಿನಲ್ಲಿ ಹವ್ಯಾಸವಾಗಿ ಇದು ಮರುಹುಟ್ಟು ಪಡೆದದ್ದು ಡೊನಾಲ್ಡ್ ಫೆದರ್‌ಸ್ಟೋನನಂಥವರ ದುಡಿಮೆಯಿಂದ. ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿದ್ದು ಬಂದು ಸೌತಾಂಪ್ಟನ್ನಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ಅವನು 1962ರಲ್ಲಿ ಪ್ರಕಟಿಸಿದ ‘ವಾರ್ ಗೇಮ್ಸ್’ ಪುಸ್ತಕ ಎಷ್ಟೋ ಮಂದಿಯನ್ನು ಈ ಕಡೆಗೆ ಸೆಳೆಯಿತು. ಅದೇ ಹೊತ್ತಿಗೆ ಏರ್‌ಫಿಕ್ಸ್ ಕಂಪನಿ ಹೊರತಂದ ಇಂಚಿಗೂ ಕಡಿಮೆ ಎತ್ತರದ ಪ್ಲಾಸ್ಟಿಕ್ ಸೈನಿಕರ ಪೆಟ್ಟಿಗೆಗಳು ಶಾಲಾ ಹುಡುಗರ ಕೈಖರ್ಚಿನ ಹಣಕ್ಕೆ ಒಂದು ದಂಡನ್ನೇ ಒದಗಿಸಿದವು. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಮಧ್ಯಯುಗದ ಕದನಗಳಿಗೆಂದು ಬರೆದ ‘ಚೈನ್‌ಮೇಲ್’ ನಿಯಮಾವಳಿಗೆ ಮಾಂತ್ರಿಕರು, ಡ್ರ್ಯಾಗನ್‌ಗಳ ಒಂದು ಅನುಬಂಧವನ್ನು ಸೇರಿಸಿದ್ದರಿಂದ 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ ದಾರಿಯಾಯಿತು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ ‘ವಾರ್‌ಹ್ಯಾಮರ್’ ಎಂಬ ಕಲ್ಪನಾಲೋಕದ ಕದನದ ಆಟವನ್ನೂ 1987ರಲ್ಲಿ ಅದರದೇ ಭವಿಷ್ಯಕಾಲದ ರೂಪವನ್ನೂ ಹೊರತಂದು, ಇಂದು ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಪಟ್ಟಿಗೆ ಸೇರುವಷ್ಟು ಬೆಳೆದಿದೆ. ಅದರ ನೆಲೆಯಾದ ನಾಟಿಂಗ್‌ಹ್ಯಾಮ್ ನಗರದ ಸುತ್ತಮುತ್ತ ಇಂಥ ಬೊಂಬೆಗಳನ್ನು ಕೆತ್ತುವ, ಎರಕ ಹೊಯ್ಯುವ ಹಲವಾರು ಚಿಕ್ಕ ದೊಡ್ಡ ಸಂಸ್ಥೆಗಳು ನೆಲೆಸಿವೆ. ಹೊಸ ತಲೆಮಾರಿನ ಬಹುಪಾಲು ಮಂದಿ ಈ ಹವ್ಯಾಸಕ್ಕೆ ಬರುವುದು ಕಲ್ಪನಾಲೋಕದ ಬಾಗಿಲಿನಿಂದಲೇ ಆದರೂ, ಐತಿಹಾಸಿಕ ಕದನಗಳನ್ನು ಆಡುವವರ ಬಳಗ ಈಗಲೂ ಜೀವಂತವಾಗಿದೆ. ಮುಂದಿನ ವಿವರಣೆ ಅವರ ಕೆಲಸವನ್ನೇ ಕುರಿತದ್ದು.

ಈ ಹವ್ಯಾಸಿಗಳಲ್ಲಿ ಹೆಚ್ಚಿನವರ ಸಮಯ ಆಟಕ್ಕಿಂತ ಬಣ್ಣದ ಮೇಜಿನ ಮುಂದೆಯೇ ಕಳೆಯುತ್ತದೆ. ನೆಪೋಲಿಯನ್ನನ ಕಾಲದ ಒಬ್ಬ ಬ್ರಿಟಿಷ್ ಕಾಲಾಳಿನ 28 ಮಿಲಿಮೀಟರ್ ಬೊಂಬೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಶಿಲ್ಪಿಯು ಎರಡು ಬಣ್ಣದ ಎಪಾಕ್ಸಿ ಹಿಟ್ಟನ್ನು ಕಲಸಿ ಕೈಯಿಂದ ತಿದ್ದಿದ ಅಥವಾ ಈಚಿನ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಕಡೆದ ಮೂಲ ಬೊಂಬೆಯನ್ನು ರಬ್ಬರಿನ ಅಚ್ಚಿಗೆ ಇಳಿಸಿ, ಆ ಅಚ್ಚನ್ನು ವೇಗವಾಗಿ ತಿರುಗಿಸುತ್ತ ನಡುವಿನಿಂದ ಲೋಹವನ್ನು ಹೊಯ್ದಾಗ, ಅದು ತಿರುಗುವ ಬಲದಿಂದ ಬೆರಳ ತುದಿಯವರೆಗೂ ನುಗ್ಗಿ ತುಂಬುತ್ತದೆ. ಹಿಂದೆ ಸೀಸವೇ ಪ್ರಧಾನವಾಗಿದ್ದ ಈ ಲೋಹದಲ್ಲಿ, ಸೀಸದ ವಿಷದ ಅರಿವು ಹೆಚ್ಚಿದ ಮೇಲೆ, ತವರದ ಪಾಲು ಹೆಚ್ಚಿದೆ. ಹಳೆಯ ಬೊಂಬೆಗಳನ್ನು ಅರದಿಂದ ಉಜ್ಜುವಾಗ ಪುಡಿ ಮೂಗು ಬಾಯಿಗಳಿಗೆ ಹೋಗದಂತೆ ಎಚ್ಚರ ವಹಿಸುವುದು ಇಂದಿಗೂ ಅಗತ್ಯ. ಅಚ್ಚಿನ ಎರಡು ಹೋಳುಗಳು ಕೂಡಿದಲ್ಲಿ ಬೊಂಬೆಯ ಮೈಮೇಲೆ ಉಳಿಯುವ ಸಣ್ಣ ಏಣನ್ನು ಚೂಪಾದ ಚಾಕುವಿನಿಂದ ಹೆರೆದು, ಅಚ್ಚಿಗೆ ಹಚ್ಚಿದ ಪುಡಿ ಹೋಗುವಂತೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದ ನಂತರ, ಬಣ್ಣ ಹಿಡಿದುಕೊಳ್ಳಲೆಂದು ಕಪ್ಪು, ಬೂದು ಅಥವಾ ಬಿಳಿಯ ಪ್ರೈಮರನ್ನು ತೆಳುವಾಗಿ ಸಿಂಪಡಿಸಬೇಕು.

ಇಲ್ಲಿಂದ ಮುಂದಿನದು ಬೆಳಕಿನ ಪ್ರಶ್ನೆ. ಆರಡಿ ಎತ್ತರದ ಮನುಷ್ಯನ ಅಂಗಿಯ ಮಡಿಕೆಯಲ್ಲಿ ಸಹಜವಾಗಿ ಬೀಳುವ ನೆರಳು, ಕೂದಲೆಳೆಯಷ್ಟೇ ಆಳವಾದ ಬೊಂಬೆಯ ಮಡಿಕೆಯಲ್ಲಿ ಕಣ್ಣಿಗೆ ಬೀಳುವಷ್ಟು ಮೂಡುವುದಿಲ್ಲ. ಆದ್ದರಿಂದ ಕೆಂಪು ಅಂಗಿಗೆ ಬರೀ ಕೆಂಪು ಬಣ್ಣ ಹಚ್ಚಿ ಬಿಟ್ಟರೆ ಎರಡು ಮೊಳ ದೂರದಿಂದ ಅದು ಒಂದು ಕೆಂಪು ಮುದ್ದೆಯಾಗಿ ಕಾಣುತ್ತದೆ. ಬಣ್ಣಗಾರನು ನೆರಳನ್ನೂ ಬೆಳಕನ್ನೂ ತಾನೇ ಬರೆಯಬೇಕಾಗುತ್ತದೆ. ಮೊದಲು ಕಂದುಗೆಂಪಿನ ಅಡಿಬಣ್ಣ. ಅದರ ಮೇಲೆ ನೀರಿನಂತೆ ತೆಳುವಾದ ಕಪ್ಪು ಅಥವಾ ಕಂದು ಬಣ್ಣದ ವಾಶ್, ಇದು ಉಬ್ಬುಗಳಿಂದ ಇಳಿದು ತಗ್ಗುಗಳಲ್ಲಿ ನಿಂತು ಮಡಿಕೆಗಳನ್ನು ಎತ್ತಿ ತೋರಿಸುತ್ತದೆ. ಅದು ಒಣಗಿದ ಮೇಲೆ ಮಡಿಕೆಗಳ ಏಣುಗಳಿಗೆ ಮಾತ್ರ ಅಚ್ಚಗೆಂಪು, ಕೊನೆಗೆ ಹೆಗಲು, ಮೊಣಕೈಗಳ ತುದಿಗೆ ಕಿತ್ತಳೆ ಬೆರೆತ ಇನ್ನೂ ತಿಳಿಯಾದ ಕೆಂಪು. ಎದೆಯ ಮೇಲೆ ಅಡ್ಡಡ್ಡ ಹಾದುಹೋಗುವ ಬಿಳಿಯ ಪಟ್ಟಿಗಳಿಗೆ ಮೊದಲು ಬೂದು ಬಣ್ಣ ಹಚ್ಚಿ, ಅದರ ನಡುವೆ ಬಿಳಿಯ ಗೆರೆ ಎಳೆದರೆ ಅಂಚಿನಲ್ಲಿ ಉಳಿದ ಬೂದು ತಾನಾಗಿ ನೆರಳಾಗುತ್ತದೆ. ಮುಖದ ಎತ್ತರ ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚಿರದಿದ್ದರೂ ಮೂಗಿನ ತುದಿ, ಕೆನ್ನೆ, ಗದ್ದಗಳಿಗೆ ಮೂರು ಛಾಯೆಗಳಲ್ಲಿ ಚರ್ಮದ ಬಣ್ಣ ಸೇರಿದರೆ ಬೊಂಬೆಗೆ ಒಮ್ಮೆಲೇ ಜೀವ ಬರುತ್ತದೆ. ಇದಕ್ಕೆ ಬೇಕಾದುದು ಎರಡೇ ಕೂದಲಿನ ಕುಂಚವೆಂದು ಹೊಸಬರು ಭಾವಿಸುವುದುಂಟು. ಅನುಭವಿಗಳು ಬಯಸುವುದು ಬಣ್ಣವನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು ತುದಿಯಲ್ಲಿ ಸೂಜಿಯಂತೆ ಕೂಡಿಕೊಳ್ಳುವ ಸಾಕಷ್ಟು ದಪ್ಪನೆಯ ಕುಂಚವನ್ನು, ಏಕೆಂದರೆ ತೀರ ಸಣ್ಣ ಕುಂಚದಲ್ಲಿ ಬಣ್ಣ ಬೊಂಬೆಯನ್ನು ಮುಟ್ಟುವ ಮೊದಲೇ ಒಣಗಿಹೋಗುತ್ತದೆ.

ಬಣ್ಣ ಯಾವುದಿರಬೇಕೆಂಬುದು ಅಷ್ಟೇ ಮುಖ್ಯ. ಬ್ರಿಟಿಷ್ ಕಾಲಾಳಿನ ಅಂಗಿ ಕೆಂಪಾದರೂ ಕಾಲರು ಮತ್ತು ಮುಂಗೈ ಪಟ್ಟಿಯ ಬಣ್ಣ ರೆಜಿಮೆಂಟಿನಿಂದ ರೆಜಿಮೆಂಟಿಗೆ ಬೇರೆ. ಕೆಲವಕ್ಕೆ ಹಳದಿ, ಕೆಲವಕ್ಕೆ ಹಸಿರು ಅಥವಾ ನೀಲಿ, 33ನೆಯ ರೆಜಿಮೆಂಟಿಗೆ ಅಂಗಿಯಂತೆಯೇ ಕೆಂಪು. ಒಂದು ಗುಂಡಿಯ ಸಾಲಿಗಾಗಿ ಬಣ್ಣಗಾರನು ಹಳೆಯ ಚಿತ್ರಗಳನ್ನು, ಸಮವಸ್ತ್ರದ ಆಜ್ಞೆಗಳನ್ನು, ಸಂಗ್ರಹಾಲಯದ ಅಂಗಿಗಳನ್ನು ಹುಡುಕುತ್ತಾನೆ. ಹುಡುಕುತ್ತ ಹೋದಂತೆ ಆಜ್ಞೆಯಲ್ಲಿ ಬರೆದ ಸಮವಸ್ತ್ರ ಬೇರೆ, ತಿಂಗಳುಗಟ್ಟಲೆ ಮಳೆ ಕೆಸರಿನಲ್ಲಿ ನಡೆದ ಸೈನಿಕನ ಮೈಮೇಲೆ ಇದ್ದುದು ಬೇರೆ ಎಂದು ಅರಿಯುತ್ತಾನೆ. ತೇಪೆ ಹಾಕಿದ ಚಲ್ಲಣ, ಸ್ಥಳೀಯ ಕಂದು ಬಟ್ಟೆಯಲ್ಲಿ ಹೊಲಿಸಿಕೊಂಡ ಇಜಾರ, ಮಾಸಿದ ಅಂಗಿ, ಸವೆದ ಬೂಟುಗಳಿಗೂ ಆಗ ಬಣ್ಣದ ಪೆಟ್ಟಿಗೆಯಲ್ಲಿ ಸ್ಥಾನ ದೊರೆಯುತ್ತದೆ.

ಬೊಂಬೆಗಳಿಂದ ಇತಿಹಾಸವನ್ನು ನಿಷ್ಠೆಯಿಂದ ಕಟ್ಟಲು ಹೊರಟವನು ಎಂಥ ಬೆಲೆ ತೆರಬೇಕಾಗಬಹುದು ಎಂಬುದಕ್ಕೆ ವಿಲಿಯಂ ಸೈಬೋರ್ನ್ ನಿದರ್ಶನ. 1815ರ ವಾಟರ್‌ಲೂ ಕದನದ ಮಾದರಿಯೊಂದನ್ನು ನಿರ್ಮಿಸುವ ಕೆಲಸ 1830ರಲ್ಲಿ ಈ ಬ್ರಿಟಿಷ್ ಸೇನಾಧಿಕಾರಿಗೆ ಬಂದಾಗ, ಅವನು ರಣರಂಗದ ನಡುವಿನ ಲಾ ಹೇ ಸೇಂಟ್ ತೋಟದ ಮನೆಯಲ್ಲಿ ಎಂಟು ತಿಂಗಳು ತಂಗಿ ನೆಲವನ್ನು ಅಳೆದ. ಕದನದಲ್ಲಿ ಬದುಕುಳಿದ ಅಧಿಕಾರಿಗಳಿಗೆ ಪತ್ರ ಬರೆದು, ಅಂದು ಸಂಜೆ ಏಳರ ಸುಮಾರಿಗೆ ಅವರ ದಳ ಎಲ್ಲಿ ನಿಂತಿತ್ತು, ಸುತ್ತಲಿನ ಹೊಲದಲ್ಲಿ ಯಾವ ಪೈರು ಇತ್ತು ಎಂದೆಲ್ಲ ವಿಚಾರಿಸಿದ. ಸರ್ಕಾರ ನಡುವೆ ಹಣ ನಿಲ್ಲಿಸಿದ್ದರಿಂದ ಸಾಲ ಮಾಡಿ ಕೆಲಸ ಮುಂದುವರಿಸಿ, ಹತ್ತಾರು ಸಾವಿರ ಪುಟಾಣಿ ಸೈನಿಕರಿದ್ದ ಆ ಮಾದರಿಯನ್ನು 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ. ಆದರೆ ಪತ್ರಗಳ ಆಧಾರದ ಮೇಲೆ ಅವನು ಪ್ರಷ್ಯಾದ ಸೈನ್ಯವನ್ನು ನಿಲ್ಲಿಸಿದ್ದ ಜಾಗ, ಗೆಲುವಿನಲ್ಲಿ ಅವರ ಪಾಲು ದೊಡ್ಡದೆಂದು ತೋರಿಸುತ್ತಿದ್ದುದರಿಂದ, ಗೆದ್ದ ದಳಪತಿಯಾದ ಡ್ಯೂಕ್ ಆಫ್ ವೆಲಿಂಗ್ಟನ್ನಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಸೈಬೋರ್ನ್ ಸಾವಿರಾರು ಪ್ರಷ್ಯನ್ ಬೊಂಬೆಗಳನ್ನು ಮಾದರಿಯಿಂದ ಕಿತ್ತು ತೆಗೆದ. ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿರುವ ಆ ಮಾದರಿಯಲ್ಲಿ ಅವರ ಜಾಗ ಖಾಲಿಯಾಗಿಯೇ ಉಳಿದಿದೆ. ಒಂದು ಸೆಂಟಿಮೀಟರಿನ ಬೊಂಬೆಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದು ಇತಿಹಾಸದ ದೊಡ್ಡ ವಿವಾದವಾಗಬಲ್ಲದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಸಂಗ ಇನ್ನೊಂದಿಲ್ಲ.

ಬಣ್ಣ ಒಣಗಿ, ಹೊಳಪಿಲ್ಲದ ವಾರ್ನಿಷ್ ಬಳಿದು, ಅಂಟಿನ ಮೇಲೆ ಮರಳು ಉದುರಿಸಿದ ಪೀಠಕ್ಕೆ ಅಂಟಿಸಿದ ಸೈನಿಕರು ಮೇಜಿಗೆ ಬಂದೊಡನೆ ಅಳತೆಯ ತೊಡಕು ಎದುರಾಗುತ್ತದೆ. 28 ಮಿಲಿಮೀಟರ್ ಬೊಂಬೆಯು ನಿಜವಾದ ಮನುಷ್ಯನ ಸುಮಾರು ಅರವತ್ತನೆಯ ಒಂದು ಪಾಲು. ಅದೇ ಪ್ರಮಾಣದಲ್ಲಿ ವಾಟರ್‌ಲೂವಿನ ಸುಮಾರು 4 ಕಿಲೋಮೀಟರ್ ಉದ್ದದ ಸೈನ್ಯದ ಸಾಲನ್ನು ಕಟ್ಟಲು ಹೊರಟರೆ ಅರವತ್ತೈದು ಮೀಟರಿಗೂ ಉದ್ದದ ಮೇಜು ಬೇಕು. ಆದ್ದರಿಂದ ನಿಯಮಕಾರರು ಬೊಂಬೆಗೆ ಒಂದು ಪ್ರಮಾಣ, ನೆಲಕ್ಕೆ ಅದಕ್ಕಿಂತ ಬಹಳ ಚಿಕ್ಕದಾದ ಇನ್ನೊಂದು ಪ್ರಮಾಣ, ಜನಸಂಖ್ಯೆಗೆ ಮೂರನೆಯದೊಂದು ಪ್ರಮಾಣ ಎಂದು ಹೊಂದಿಸಿಕೊಳ್ಳುತ್ತಾರೆ. 24 ಬೊಂಬೆಗಳ ಒಂದು ಗುಂಪು 600 ಜನರ ಬೆಟಾಲಿಯನ್ ಆಗುತ್ತದೆ, ಒಂದು ಮನೆಯ ಮಾದರಿ ಇಡೀ ಹಳ್ಳಿಯಾಗುತ್ತದೆ. ರಂಗಭೂಮಿಯಲ್ಲಿ ನಾಲ್ಕು ಹೆಜ್ಜೆಯೇ ಕಾಡಿನ ದಾರಿಯಾಗುವುದನ್ನು ಪ್ರೇಕ್ಷಕರು ಒಪ್ಪುವಂತೆ ಆಟಗಾರರು ಇದನ್ನು ಒಪ್ಪಿಕೊಳ್ಳುತ್ತಾರೆ.

ದಾಳದ ಪಾತ್ರವನ್ನೂ ತಪ್ಪಾಗಿ ತಿಳಿಯುವುದುಂಟು. ಐದು ಅಥವಾ ಆರು ಬಿದ್ದರೆ ಗುಂಡು ತಾಗಿತು ಎಂಬ ನಿಯಮವಿದ್ದಾಗ ಹನ್ನೆರಡು ದಾಳಗಳನ್ನು ಒಮ್ಮೆಲೇ ಎಸೆದರೆ ಸರಾಸರಿ ನಾಲ್ಕು ತಾಗಬೇಕು. ಹನ್ನೆರಡೂ ತಾಗುವುದು ಅಥವಾ ಒಂದೂ ತಾಗದಿರುವುದು ಅಪರೂಪವಾದರೂ ಅಸಾಧ್ಯವಲ್ಲ. ಒಳ್ಳೆಯ ಯೋಜನೆಗೆ ಹೆಚ್ಚು ಸಲ ಫಲ ದೊರೆಯುವಂತೆಯೂ ಯಾವ ಯೋಜನೆಯೂ ಪೂರ್ತಿ ಭರವಸೆಗೆ ತಕ್ಕುದಲ್ಲದಂತೆಯೂ ನಿಯಮಕಾರನು ಈ ಸರಾಸರಿಯನ್ನು ಹದಗೊಳಿಸುತ್ತಾನೆ. ಇದಕ್ಕಿಂತ ಸೂಕ್ಷ್ಮವಾದುದು ಮನೋಸ್ಥೈರ್ಯದ ನಿಯಮ. ನೆಪೋಲಿಯನ್ನನ ಕಾಲದ ಕದನಗಳಲ್ಲಿ ದಳಗಳು ಕೊನೆಯ ಮನುಷ್ಯನವರೆಗೆ ಹೋರಾಡುತ್ತಿದ್ದುದು ತೀರ ವಿರಳ. ಒಂದು ಹಂತದ ನಷ್ಟವಾದ ಮೇಲೆ, ಪಕ್ಕದ ದಳ ಓಡುವುದನ್ನು ಕಂಡಾಗ, ಹಿಂದಿನಿಂದ ಶತ್ರು ಬಂದಾಗ ಅವು ಕದಲಿ ಹಿಂಜರಿಯುತ್ತಿದ್ದವು. ಅಂಥ ಪ್ರತಿ ಸಂದರ್ಭದಲ್ಲೂ ಆಟಗಾರನು ದಾಳ ಎಸೆದು ತನ್ನ ದಳ ನಿಲ್ಲುವುದೋ ಓಡುವುದೋ ಎಂದು ನೋಡಬೇಕಾಗುತ್ತದೆ. ತಾನು ತಿಂಗಳುಗಟ್ಟಲೆ ಕುಳಿತು ಬಣ್ಣ ಹಚ್ಚಿದ ಸೈನಿಕರೇ ತನ್ನ ಆಜ್ಞೆಯನ್ನು ಮೀರಿ ಓಡುವುದನ್ನು ಒಪ್ಪಿಕೊಳ್ಳುವಂತೆ ಮಾಡುವ ಈ ನಿಯಮ, ಸೈನ್ಯವೆಂದರೆ ಭಯಪಡುವ ಮನುಷ್ಯರ ಗುಂಪು ಎಂಬ ಸತ್ಯವನ್ನು ಆಟದೊಳಗೆ ಉಳಿಸಿಕೊಂಡಿದೆ. ಬೊಂಬೆ ಉರುಳಿದರೆ ನೋವಿಲ್ಲ, ರಕ್ತವಿಲ್ಲ, ಊರು ಸುಟ್ಟುಹೋಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಮೇಜು ತೋರಿಸದಿರುವುದನ್ನು ಓದಿನಿಂದ ತುಂಬಿಕೊಳ್ಳುವ ಹೊಣೆ ಆಡುವವರ ಮೇಲಿದೆ, ಒಳ್ಳೆಯ ಹವ್ಯಾಸಿಗಳು ಅದನ್ನು ಹೊರುತ್ತಾರೆ.

ಕನ್ನಡ ನಾಡಿನ ನೆಲದಲ್ಲಿ ನಡೆದ ಮೈಸೂರು ಯುದ್ಧಗಳೂ ಬ್ರಿಟನ್ನಿನ ಆಟಗಾರರ ಮೇಜುಗಳ ಮೇಲೆ ಬರುತ್ತವೆ; ಅವುಗಳಲ್ಲಿ ಈ ಹವ್ಯಾಸದ ಎರಡೂ ಶಿಸ್ತುಗಳನ್ನು ಪರೀಕ್ಷೆಗೆ ಒಡ್ಡುವಂಥದು 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರವಲಯದ ಸುಲ್ತಾನ್‌ಪೇಟೆ ತೋಪಿನಲ್ಲಿ ನಡೆದ ಕಾಳಗ. ಮುಂದೆ ವೆಲಿಂಗ್ಟನ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಅಂದು ಕರ್ನಲ್. ಕಾಲುವೆಗಳು ಹಾದುಹೋಗಿದ್ದ ಆ ತೋಪಿನ ಒಳಗನ್ನು ಮೊದಲು ನೋಡಿಕೊಳ್ಳದೆಯೇ ಅವನು ತನ್ನ 33ನೆಯ ರೆಜಿಮೆಂಟನ್ನು ಕತ್ತಲಲ್ಲಿ ನುಗ್ಗಿಸಿದ. ಟಿಪ್ಪುವಿನ ಸೈನಿಕರ ಕೋವಿ ಮತ್ತು ರಾಕೆಟ್ಟುಗಳ ನಡುವೆ ದಳ ಚದುರಿಹೋಗಿ, ಕೆಲವರು ಸೆರೆಸಿಕ್ಕಿ, ಮೊಣಕಾಲಿಗೆ ಪೆಟ್ಟು ತಿಂದ ವೆಲ್ಲೆಸ್ಲಿ ಹಿಂದಿರುಗಬೇಕಾಯಿತು. ಬಿದಿರಿಗೆ ಕಟ್ಟಿದ ಕಬ್ಬಿಣದ ಕೊಳವೆಯ ಆ ರಾಕೆಟ್ಟುಗಳು ಎಂಥವೆಂಬುದು ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಬಾವಿಯೊಂದರಲ್ಲಿ 2018ರಲ್ಲಿ ನೂರಾರು ಸಂಖ್ಯೆಯಲ್ಲಿ ದೊರೆತ ಕೊಳವೆಗಳಿಂದ ಎಲ್ಲರಿಗೂ ಕಾಣುವಂತಾಗಿದೆ. ಅವುಗಳಿಂದ ಪ್ರೇರಣೆ ಪಡೆದ ಕಾಂಗ್ರೀವ್ ರಾಕೆಟ್ಟುಗಳು ವಾಟರ್‌ಲೂವಿನಲ್ಲಿ ವೆಲಿಂಗ್ಟನ್ನನದೇ ಸೈನ್ಯದಲ್ಲಿದ್ದವು. ಹೊರಟ ದಿಕ್ಕಿನಲ್ಲಿಯೇ ಹೋಗುವುದೆಂಬ ಭರವಸೆಯಿಲ್ಲದ ಈ ಅಸ್ತ್ರಕ್ಕೆ ಹಲವು ನಿಯಮಾವಳಿಗಳು ಎರಡು ಸಲ ದಾಳ ಎಸೆಯಲು ಹೇಳುತ್ತವೆ, ಮೊದಲನೆಯದು ಅದು ಎತ್ತ ತಿರುಗಿತೆಂದು ತಿಳಿಯಲು, ಎರಡನೆಯದು ಅದು ಬಿದ್ದಲ್ಲಿ ಏನಾಯಿತೆಂದು ತಿಳಿಯಲು.

ಬಣ್ಣಗಾರನಿಗೆ ಇಲ್ಲಿ ದೊಡ್ಡ ತೊಡಕು ಮೈಸೂರಿನ ಸೈನಿಕನೇ. ವಾಟರ್‌ಲೂವಿನ ಪ್ರತಿ ರೆಜಿಮೆಂಟಿನ ಗುಂಡಿಗಳ ಲೆಕ್ಕ ದೊರೆಯುವಾಗ, ಟಿಪ್ಪುವಿನ ಕಾಲಾಳಿನ ವೇಷಕ್ಕೆ ಹೆಚ್ಚಾಗಿ ಅವನ ಶತ್ರುಗಳು ಬರೆದ ವರದಿಗಳನ್ನೂ ಬ್ರಿಟಿಷ್ ಕಲಾವಿದರ ಚಿತ್ರಗಳನ್ನೂ ನಂಬಬೇಕಾಗುತ್ತದೆ. ನೇರಳೆ ಬಣ್ಣದ ಬಟ್ಟೆಯ ಮೇಲೆ ಹುಲಿಪಟ್ಟೆಯನ್ನು ನೆನಪಿಸುವ ಬಿಳಿಯ ವಜ್ರಾಕಾರದ ಗುರುತುಗಳಿದ್ದ ಅಂಗಿಯನ್ನು ಆ ವರದಿಗಳು ಹೇಳುತ್ತವೆ. 28 ಮಿಲಿಮೀಟರ್ ಬೊಂಬೆಯ ಎದೆಯ ಮೇಲೆ ಅಂಥ ಗುರುತುಗಳನ್ನು ಸಾಲಾಗಿ ಇಡುವುದು ನುರಿತ ಕೈಗೂ ಕಷ್ಟದ ಕೆಲಸ. ಅದರ ಜೊತೆಗೆ, ಆ ನೇರಳೆ ಎಷ್ಟು ಗಾಢವಾಗಿತ್ತು, ಬಿಸಿಲಿಗೆ ಹೇಗೆ ಮಾಸುತ್ತಿತ್ತು ಎಂಬುದನ್ನು ಬಣ್ಣಗಾರನೇ ತೀರ್ಮಾನಿಸಬೇಕು. ಮೈಸೂರು ಯುದ್ಧಗಳ ಮಾದರಿಯನ್ನು ಕನ್ನಡಿಗರೇ ಕೈಗೆತ್ತಿಕೊಂಡು, ಇಲ್ಲಿಯ ದಾಖಲೆಗಳನ್ನೂ ಗೋಡೆಚಿತ್ರಗಳನ್ನೂ ಅದಕ್ಕಾಗಿ ಹೊಸದಾಗಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಶಿಲ್ಪಿಗಳು ಮಾರುವ ಕಂಪ್ಯೂಟರ್ ಕಡತವನ್ನು ಕೊಂಡು ಮನೆಯ ಪುಟ್ಟ ತ್ರೀಡಿ ಪ್ರಿಂಟರಿನಲ್ಲಿಯೇ ಬೊಂಬೆಯನ್ನು ಮೂಡಿಸಿಕೊಳ್ಳಬಹುದಾದ ಈ ಕಾಲದಲ್ಲಿ, ನಾಟಿಂಗ್‌ಹ್ಯಾಮಿನಿಂದ ಪೆಟ್ಟಿಗೆ ಬರುವವರೆಗೆ ಕಾಯಬೇಕಾದ ಅಗತ್ಯವೂ ಉಳಿದಿಲ್ಲ.

ಆ ರಾತ್ರಿಯನ್ನು ಆಡುವುದಕ್ಕೆ ರೈಸ್‌ವಿಟ್ಸ್‌ನ ವಿಧಾನವೇ ತಕ್ಕದ್ದು. ತೋಪಿನ ಮಾದರಿ ಅಂಪೈರನ ಕೋಣೆಯಲ್ಲಿ ಇರಬೇಕು. ವೆಲ್ಲೆಸ್ಲಿಯ ಪಾತ್ರ ವಹಿಸಿದವನು ಬೇರೆ ಕೋಣೆಯಲ್ಲಿ ಕುಳಿತು, ಕಾಲುವೆಗಳ ಗುರುತಿಲ್ಲದ ಒಂದು ಕೈನಕ್ಷೆಯನ್ನು ಮಾತ್ರ ಇಟ್ಟುಕೊಂಡು ಚೀಟಿಯ ಮೇಲೆ ಆಜ್ಞೆ ಬರೆಯಬೇಕು. ಅದಕ್ಕೆ ಉತ್ತರವಾಗಿ ಅವನಿಗೆ ಬರುವುದು ಎಡಗಡೆ ಗುಂಡಿನ ಸದ್ದು, ಮುಂದೆ ನೀರು, ಒಂದು ತುಕಡಿಯ ಸುಳಿವಿಲ್ಲ ಎಂಬಷ್ಟೇ ಸುದ್ದಿ. ಮರುದಿನ ಹಗಲಿನಲ್ಲಿ ಹೆಚ್ಚಿನ ಬಲದೊಂದಿಗೆ ಬ್ರಿಟಿಷರು ಅದೇ ತೋಪನ್ನು ವಶಪಡಿಸಿಕೊಂಡದ್ದರಿಂದ ಆಟಕ್ಕೆ ಎರಡನೆಯ ಅಂಕವೂ ಇದೆ: ಆಗ ಎರಡೂ ಪಕ್ಷದವರನ್ನು ಮೇಜಿನ ಬಳಿಗೆ ಕರೆದು, ಕಾಲುವೆಗಳನ್ನೂ ಬದುಗಳನ್ನೂ ಮರಗಳನ್ನೂ ತೋರಿಸಿ, ನೇರಳೆ ಅಂಗಿಯವರನ್ನೂ ಕೆಂಪು ಅಂಗಿಯವರನ್ನೂ ಎದುರುಬದುರಾಗಿ ನಿಲ್ಲಿಸಿ, ಟೇಪು ಮತ್ತು ದಾಳಗಳಿಂದ ಆಟವನ್ನು ಮುಂದುವರಿಸಬಹುದು.